ವಯಸ್ಸಾದವರ ರಕ್ತದ ಕಾಂಡಕೋಶಗಳಲ್ಲಿ ಮೂಡುವ ಉತ್ಪರಿವರ್ತನೆಗಳು: ವರದಿಯಲ್ಲಿ ಕಂಡರೆ ಏನೆಂದು ತಿಳಿಯಬೇಕು?

ಬಸವನಗುಡಿಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 74 ವರ್ಷ. ಅವರ ಪ್ರಾಸ್ಟೇಟ್ ಕ್ಯಾನ್ಸರಿಗೆ ಯಾವ ಔಷಧ ಹೊಂದುತ್ತದೆ ಎಂಬುದನ್ನು ತಿಳಿಯಲು ವೈದ್ಯರು ರಕ್ತದಿಂದಲೇ ಒಂದು ಜೀನ್ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಡಿಎನ್‌ಎಂಟಿ3ಎ ಎಂಬ ಜೀನಿನಲ್ಲಿ ಉತ್ಪರಿವರ್ತನೆ (ಡಿಎನ್‌ಎಯಲ್ಲಿ ಆದ ಬದಲಾವಣೆ) ಇದೆ, ಅದರ ಪ್ರಮಾಣ ಶೇ. 6 ಎಂದು ನಮೂದಾಗಿದ್ದು, ಇದು ಗೆಡ್ಡೆಯದ್ದಾಗಿರದೆ ರಕ್ತಕೋಶಗಳದ್ದಾಗಿರಬಹುದು ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ. ಆ ಜೀನಿನ ಬಗ್ಗೆ ಹುಡುಕಿದರೆ ಎಲ್ಲ ಕಡೆ ರಕ್ತದ ಕ್ಯಾನ್ಸರಿನ ಹೆಸರೇ ಬರುತ್ತಿದೆ. ತಂದೆಯವರಿಗೆ ಎರಡನೆಯ ಕ್ಯಾನ್ಸರ್ ಶುರುವಾಗಿದೆಯೇ? ಇದು ನನಗೂ ನನ್ನ ತಮ್ಮನಿಗೂ ವಂಶದಿಂದ ಬಂದಿರುತ್ತದೆಯೇ? ವೈದ್ಯರ ಭೇಟಿ ಮುಂದಿನ ವಾರವಿದೆ. ಅಷ್ಟರೊಳಗೆ ಸರಿಯಾದ ಪ್ರಶ್ನೆಗಳನ್ನು ಸಿದ್ಧಪಡಿಸಿಕೊಳ್ಳಬೇಕೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ರಕ್ತರೋಗ ವಿಭಾಗದ ವೈದ್ಯೆ

ಮೊದಲು ನಿಮ್ಮ ಎರಡು ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುತ್ತೇನೆ, ವಿವರಣೆ ಆಮೇಲೆ. ನೀವು ಬರೆದಿರುವಷ್ಟರಿಂದ ಇದು ರಕ್ತದ ಕ್ಯಾನ್ಸರ್ ಎಂದು ಹೇಳಲಾಗದು. ಈ ಬಗೆಯ ಉತ್ಪರಿವರ್ತನೆ ಸಾಮಾನ್ಯವಾಗಿ ಹುಟ್ಟಿನಿಂದ ಬಂದದ್ದಲ್ಲ, ಬದುಕಿನ ನಡುವೆ ಅಸ್ಥಿಮಜ್ಜೆಯ ಒಂದು ಕೋಶದಲ್ಲಿ ಮೂಡಿದ್ದು. ಆದ್ದರಿಂದ ನಿಮಗಾಗಲಿ ನಿಮ್ಮ ತಮ್ಮನಿಗಾಗಲಿ ಅದು ದಾಟಿ ಬಂದಿರುವುದಿಲ್ಲ. ಹುಟ್ಟಿನಿಂದ ಬಂದದ್ದಾಗಿದ್ದರೆ ದೇಹದ ಪ್ರತಿಯೊಂದು ಕೋಶದಲ್ಲೂ ಇರಬೇಕಾಗಿತ್ತು, ಆಗ ವರದಿಯಲ್ಲಿ ಶೇ. 50ರ ಆಸುಪಾಸಿನ ಪ್ರಮಾಣ ಕಾಣುತ್ತಿತ್ತು.

ಈಗ ಆ ಶೇ. 6ರ ಅರ್ಥವನ್ನು ನೋಡೋಣ. ಪ್ರತಿ ಜೀನಿಗೆ ಕೋಶದಲ್ಲಿ ಎರಡು ಪ್ರತಿಗಳಿರುತ್ತವೆ, ಉತ್ಪರಿವರ್ತನೆ ಸಾಮಾನ್ಯವಾಗಿ ಅವುಗಳಲ್ಲಿ ಒಂದರಲ್ಲಿ ಮಾತ್ರ ಆಗಿರುತ್ತದೆ. ಹಾಗಾಗಿ ಓದಿದ ಪ್ರತಿಗಳಲ್ಲಿ ಶೇ. 6ರಷ್ಟು ಬದಲಾಗಿವೆಯೆಂದರೆ ನಿಮ್ಮ ತಂದೆಯವರ ಬಿಳಿರಕ್ತಕಣಗಳಲ್ಲಿ ಸುಮಾರು ಶೇ. 12ರಷ್ಟು ಒಂದೇ ಮೂಲಕೋಶದಿಂದ ಹುಟ್ಟಿದವು ಎಂದಾಗುತ್ತದೆ. ರಕ್ತಕಣಗಳ ಎಣಿಕೆ ಸರಿಯಾಗಿದ್ದು, ರಕ್ತದ ಕಾಯಿಲೆ ಯಾವುದೂ ಇಲ್ಲದೆ, ಈ ಪ್ರಮಾಣ ಶೇ. 2 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದನ್ನು ನಾವು ಚಿಪ್ ಎಂಬ ಸಂಕ್ಷಿಪ್ತ ಹೆಸರಿನಿಂದ ಕರೆಯುತ್ತೇವೆ. ಈ ಹೆಸರು 2015ರಲ್ಲಿ ಬಂತು. 2022ರ ವಿಶ್ವ ಆರೋಗ್ಯ ಸಂಸ್ಥೆಯ ರಕ್ತರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಸ್ಥಾನ ಸಿಕ್ಕಿದೆ. ಜೊತೆಗೆ ಕಾರಣ ತಿಳಿಯದೆ ಹಿಮೋಗ್ಲೋಬಿನ್, ಬಿಳಿಕಣ ಅಥವಾ ಪ್ಲೇಟ್‌ಲೆಟ್ ತಿಂಗಳುಗಟ್ಟಲೆ ಕಡಿಮೆಯೇ ಇದ್ದರೆ ಅದು ಬೇರೆಯ, ಹೆಚ್ಚು ಎಚ್ಚರ ಬೇಡುವ ಸ್ಥಿತಿಯಾಗುತ್ತದೆ.

ರಕ್ತ ತೆಗೆದು ಮಾಡುವ ಗೆಡ್ಡೆಯ ಪರೀಕ್ಷೆಯಲ್ಲಿ ಇದು ಏಕೆ ಕಾಣಿಸಿತು ಎಂಬುದನ್ನೂ ಹೇಳಬೇಕು. ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ ತೇಲುವ ಡಿಎನ್‌ಎ ತುಣುಕುಗಳಲ್ಲಿ ಬಹುಪಾಲು ಸತ್ತ ರಕ್ತಕೋಶಗಳದ್ದೇ, ಗೆಡ್ಡೆಯ ಪಾಲು ಹಲವು ವೇಳೆ ಅತ್ಯಲ್ಪ. ಬಿಳಿಕಣಗಳ ಡಿಎನ್‌ಎಯನ್ನು ಪ್ರತ್ಯೇಕವಾಗಿ ಓದಿ ಹೋಲಿಸದಿದ್ದರೆ ರಕ್ತದ ಉತ್ಪರಿವರ್ತನೆಯನ್ನು ಗೆಡ್ಡೆಯದ್ದೆಂದು ತಪ್ಪಾಗಿ ತಿಳಿಯುವ ಅಪಾಯ ಇದ್ದೇ ಇದೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇದು ಚಿಕ್ಕ ವಿಷಯವಲ್ಲ. ಎಟಿಎಂ, ಚೆಕ್2, ಬಿಆರ್‌ಸಿಎ2 ಮುಂತಾದ ಜೀನುಗಳಲ್ಲಿ ಬದಲಾವಣೆ ಕಂಡರೆ, ಡಿಎನ್‌ಎ ದುರಸ್ತಿಗೆ ನೆರವಾಗುವ ಪಾರ್ಪ್ ಎಂಬ ಪ್ರೋಟೀನನ್ನು ತಡೆಯುವ ಔಷಧಗಳನ್ನು ಕೊಡುವ ಪದ್ಧತಿಯಿದೆ. ಆ ಬದಲಾವಣೆ ಗೆಡ್ಡೆಯಲ್ಲಿಲ್ಲದೆ ರಕ್ತದಲ್ಲಿ ಮಾತ್ರ ಇದ್ದರೆ ಔಷಧದಿಂದ ಗೆಡ್ಡೆಗೆ ನಿರೀಕ್ಷಿಸಿದ ಪೆಟ್ಟು ಬೀಳುವುದಿಲ್ಲ, ಮಜ್ಜೆಗೆ ಮಾತ್ರ ತೊಂದರೆಯಾಗುತ್ತದೆ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಇದಾಗಿರಲಿ: ಈ ವರದಿಯನ್ನು ತಯಾರಿಸುವಾಗ ಬಿಳಿಕಣಗಳನ್ನೂ ಜೊತೆಗೆ ಓದಿದ್ದಾರೆಯೇ?

ಮಲ್ಲೇಶ್ವರದ ನಿವೃತ್ತ ಉಪನ್ಯಾಸಕ

ಡಾಕ್ಟರ್ ಮೇಡಂ ಅವರ ಉತ್ತರಕ್ಕೆ ಸ್ವಲ್ಪ ಹಿನ್ನೆಲೆ ಸೇರಿಸಲು ಅನುಮತಿ ಕೋರುತ್ತೇನೆ, ಏಕೆಂದರೆ ಹಿನ್ನೆಲೆ ತಿಳಿದರೆ ಭಯ ಅರ್ಧ ಕಡಿಮೆಯಾಗುತ್ತದೆ ಎಂಬುದು ಪಾಠ ಹೇಳಿದ ನನ್ನ ನಂಬಿಕೆ.

ನಮ್ಮ ಅಸ್ಥಿಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳು ಅಂದಾಜು 20 ಸಾವಿರದಿಂದ 2 ಲಕ್ಷದವರೆಗೆ ಇರುತ್ತವೆ. ಪ್ರತಿ ಕಾಂಡಕೋಶವೂ ವರ್ಷಕ್ಕೆ ಸುಮಾರು 17 ಹೊಸ ಉತ್ಪರಿವರ್ತನೆಗಳನ್ನು ಗಳಿಸುತ್ತ ಹೋಗುತ್ತದೆ. ಇದು ಯಾರ ತಪ್ಪಿನಿಂದಲೂ ಆಗುವುದಲ್ಲ, ಡಿಎನ್‌ಎ ಇರುವ ಕೋಶ ಬದುಕಿರುವವರೆಗೆ ಆಗಿಯೇ ತೀರುವಂಥದ್ದು. ಅವುಗಳಲ್ಲಿ ಬಹುತೇಕ ಬದಲಾವಣೆಗಳಿಂದ ಯಾವ ಪರಿಣಾಮವೂ ಇಲ್ಲ. ಎಲ್ಲೋ ಒಂದು ಮಾತ್ರ ಆ ಕೋಶಕ್ಕೆ ಉಳಿದವುಗಳಿಗಿಂತ ತುಸು ಹೆಚ್ಚು ಕಾಲ ಉಳಿಯುವ, ತುಸು ಹೆಚ್ಚು ಮಕ್ಕಳನ್ನು ಪಡೆಯುವ ಅನುಕೂಲ ಕೊಡುತ್ತದೆ. ಊರಿನಲ್ಲಿ ನೂರಾರು ಮನೆತನಗಳಿದ್ದು, ತಲೆಮಾರುಗಳು ಕಳೆದಂತೆ ಒಂದೆರಡು ಮನೆತನಗಳೇ ಅರ್ಧ ಊರನ್ನು ತುಂಬಿದ ಹಾಗೆ, ದಶಕಗಳಲ್ಲಿ ಆ ಒಂದು ಕೋಶದ ಸಂತಾನ ರಕ್ತದಲ್ಲಿ ಕಣ್ಣಿಗೆ ಬೀಳುವಷ್ಟು ಬೆಳೆಯುತ್ತದೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ 65ಕ್ಕಿಂತ ಕಡಿಮೆ ವಯಸ್ಸಿನವರ ರಕ್ತ ಸಾವಿರಾರು ಕಾಂಡಕೋಶಗಳಿಂದ ಸಮನಾಗಿ ಬರುತ್ತಿರುವುದನ್ನೂ, 75 ದಾಟಿದವರಲ್ಲಿ ಕೇವಲ 12ರಿಂದ 18 ಗುಂಪುಗಳು (ಒಂದೊಂದು ಗುಂಪೂ ಒಂದೇ ಕೋಶದ ಸಂತಾನ) ರಕ್ತೋತ್ಪತ್ತಿಯ ಶೇ. 30ರಿಂದ 60ರಷ್ಟನ್ನು ವಹಿಸಿಕೊಂಡಿರುವುದನ್ನೂ ತೋರಿಸಿತು. ನನ್ನ ವಯಸ್ಸಿನವರು ಈ ಅಂಕಿಯನ್ನು ಓದಿ ಬೆರಗಾಗದೆ ಇರಲು ಸಾಧ್ಯವಿಲ್ಲ.

ನಿಮ್ಮ ತಂದೆಯವರ ಜೀನಿನ ಕೆಲಸವೂ ಕುತೂಹಲಕರವಾದದ್ದು. ಡಿಎನ್‌ಎಂಟಿ3ಎ ಡಿಎನ್‌ಎಯ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳನ್ನು ಹಾಕುತ್ತದೆ. ಇಂಥ ಉತ್ಪರಿವರ್ತನೆ ಹೆಚ್ಚಾಗಿ ಕಾಣುವ ಜೀನುಗಳಲ್ಲಿ ಇದರ ನಂತರ ಎರಡನೆಯ ಸ್ಥಾನದಲ್ಲಿ ಬರುವ ಟೆಟ್2 ಅದೇ ಗುರುತುಗಳನ್ನು ಅಳಿಸುವ ಕೆಲಸಕ್ಕೆ ನೆರವಾಗುತ್ತದೆ. ಒಂದು ಬರೆಯುವುದು, ಇನ್ನೊಂದು ಅಳಿಸುವುದು. ಆದರೂ ಎರಡರಲ್ಲಿ ಯಾವುದು ಕೆಟ್ಟರೂ ಕಾಂಡಕೋಶ ಪ್ರೌಢ ರಕ್ತಕಣವಾಗಿ ಮುಗಿದುಹೋಗುವ ಬದಲು ತನ್ನಂಥದ್ದನ್ನೇ ಮತ್ತೆ ಮತ್ತೆ ಮಾಡಿಕೊಳ್ಳುವ ಕಡೆಗೆ ವಾಲುತ್ತದೆ.

ಯಲಹಂಕದ ಸಂಶೋಧನಾ ವಿದ್ಯಾರ್ಥಿ

ಮೇಷ್ಟ್ರು ಹೇಳಿದ್ದಕ್ಕೆ ಇತಿಹಾಸದ ಎರಡು ಮಾತು. 1990ರ ದಶಕದಲ್ಲೇ ವಯಸ್ಸಾದ ಮಹಿಳೆಯರ ರಕ್ತದಲ್ಲಿ, ಪ್ರತಿ ಕೋಶವೂ ಒಂದನ್ನು ಮಾತ್ರ ಬಳಸುವ ಎರಡು ಎಕ್ಸ್ ಕ್ರೋಮೋಸೋಮುಗಳ ಬಳಕೆ ಒಂದೇ ಕಡೆಗೆ ವಾಲಿರುವುದನ್ನು ಗಮನಿಸಿ, ರಕ್ತ ಕೆಲವೇ ಮೂಲಕೋಶಗಳಿಂದ ಬರುತ್ತಿದೆ ಎಂದು ಊಹಿಸಿದ್ದರು. 2012ರಲ್ಲಿ ಅಂಥ ಕೆಲವು ಮಹಿಳೆಯರಲ್ಲಿ ಟೆಟ್2 ಉತ್ಪರಿವರ್ತನೆ ಸಿಕ್ಕಿತು. 2014ರಲ್ಲಿ ಸಾವಿರಾರು ಜನರ ಡಿಎನ್‌ಎ ಓದಿದ ಅಧ್ಯಯನಗಳು ಒಟ್ಟೊಟ್ಟಿಗೆ ಹೊರಬಂದವು. ಅವುಗಳಲ್ಲಿ ಒಂದು 17,182 ಜನರನ್ನು ಪರಿಶೀಲಿಸಿತ್ತು. 40ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಇದು ಅಪರೂಪ. 70ರಿಂದ 79ರವರಲ್ಲಿ ಶೇ. 9.5, 80ರಿಂದ 89ರವರಲ್ಲಿ ಶೇ. 11.7, 90 ದಾಟಿದವರಲ್ಲಿ ಶೇ. 18.4. ಅಂದರೆ ಲಾಲ್‌ಬಾಗಿನಲ್ಲಿ ಬೆಳಗ್ಗೆ ನಡೆಯುವ ಎಪ್ಪತ್ತು ದಾಟಿದ ಹಿರಿಯರಲ್ಲಿ ಹತ್ತಕ್ಕೆ ಒಬ್ಬರಲ್ಲಿ ಇದು ಇರಬಹುದು. ಪರೀಕ್ಷೆಯಾಗದ ಕಾರಣ ಅವರಿಗೆ ತಿಳಿದಿರುವುದಿಲ್ಲ, ಅಷ್ಟೇ.

ಆ ಅಧ್ಯಯನದಲ್ಲಿ ಇಂಥ ಗುಂಪು ಇದ್ದವರಿಗೆ ರಕ್ತದ ಕ್ಯಾನ್ಸರಿನ ಸಾಧ್ಯತೆ ಇತರರಿಗಿಂತ 11 ಪಟ್ಟು ಹೆಚ್ಚಿತ್ತು. ಈ ಸಂಖ್ಯೆಯೊಂದನ್ನೇ ಓದಿದವರು ಹೆದರುತ್ತಾರೆ. ಆದರೆ ಮೂಲ ಸಾಧ್ಯತೆಯೇ ತೀರ ಚಿಕ್ಕದು, ಅದನ್ನು ಹನ್ನೊಂದರಿಂದ ಗುಣಿಸಿದರೂ ವರ್ಷಕ್ಕೆ ಶೇ. 0.5ರಿಂದ 1ರಷ್ಟು ಮಾತ್ರ. ಬಹುಪಾಲು ಜನರಿಗೆ ಜೀವಮಾನದಲ್ಲಿ ರಕ್ತದ ಕ್ಯಾನ್ಸರ್ ಬರುವುದೇ ಇಲ್ಲ.

ರಾಜಾಜಿನಗರದ ಹಿರಿಯ ನಾಗರಿಕ

ನನಗೆ 68. ಹತ್ತರಲ್ಲಿ ಒಬ್ಬರಿಗೆ ಇದೆ ಎಂದರೆ ಇದು ಸಕ್ಕರೆ ಕಾಯಿಲೆಯಷ್ಟೇ ಗಂಭೀರವಾಗಿ ಪರಿಗಣಿಸಬೇಕಾದ ವಿಷಯ. 60 ದಾಟಿದ ಎಲ್ಲರಿಗೂ ಈ ಪರೀಕ್ಷೆ ಮಾಡಿಸಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ವಾರ್ಷಿಕ ತಪಾಸಣೆಯಲ್ಲಿ ಎಷ್ಟೋ ಅನಗತ್ಯ ಪರೀಕ್ಷೆಗಳನ್ನು ಮಾಡುತ್ತಾರೆ, ಇದನ್ನು ಸೇರಿಸಲು ಏನು ಅಡ್ಡಿ? ಮೊದಲೇ ತಿಳಿದರೆ ಮೊದಲೇ ತಡೆಯಬಹುದಲ್ಲವೇ?

ರಕ್ತರೋಗ ವಿಭಾಗದ ವೈದ್ಯೆ

ಸರ್, ನಿಮ್ಮ ಕಾಳಜಿ ನ್ಯಾಯವಾದದ್ದೇ, ಆದರೆ ನಾನು ಒಪ್ಪುವುದಿಲ್ಲ. ರಕ್ತದೊತ್ತಡ ಅಥವಾ ಸಕ್ಕರೆ ಪತ್ತೆಯಾದರೆ ಅದನ್ನು ಇಳಿಸುವ, ಇಳಿಸಿದರೆ ಆಯುಷ್ಯ ಉಳಿಯುವುದು ಸಾಬೀತಾದ ಔಷಧಗಳಿವೆ. ಈ ಕೋಶಗಳ ಗುಂಪನ್ನು ಅಳಿಸಿಹಾಕಲೆಂದು ಅನುಮೋದನೆ ಪಡೆದ ಔಷಧ ಯಾವುದೂ ಇಂದು ಇಲ್ಲ. ಟೆಟ್2 ಕೊರತೆಯಿರುವ ಇಲಿಗಳಲ್ಲಿ ಸಿ ಜೀವಸತ್ವವೂ, ಡಿಎನ್‌ಎಂಟಿ3ಎ ಬದಲಾದ ಇಲಿಗಳಲ್ಲಿ ಮೆಟ್‌ಫಾರ್ಮಿನ್ ಕೂಡ ಈ ಗುಂಪುಗಳ ಬೆಳವಣಿಗೆಯನ್ನು ತಗ್ಗಿಸಿದ್ದನ್ನು ಪ್ರಯೋಗಗಳು ತೋರಿಸಿವೆ. ಅದನ್ನು ಓದಿ ಸಕ್ಕರೆ ಕಾಯಿಲೆ ಇಲ್ಲದವರು ಅಂಗಡಿಯಿಂದ ಮೆಟ್‌ಫಾರ್ಮಿನ್ ತಂದು ನುಂಗಬಾರದು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆರೋಗ್ಯವಾಗಿರುವ ಎಲ್ಲರನ್ನೂ ಪರೀಕ್ಷಿಸಿದರೆ ಹತ್ತರಲ್ಲಿ ಒಬ್ಬ ಹಿರಿಯರಿಗೆ ನಾವು ಕೊಡುವುದು ಬರಿಯ ಚಿಂತೆ.

ಹಾಗೆಂದು ಕಂಡದ್ದನ್ನು ಕಡೆಗಣಿಸಬೇಕೆಂದಲ್ಲ. ಯಾರ ಗುಂಪು ಅಪಾಯದ ಕಡೆಗೆ ಹೋಗುತ್ತದೆ ಎಂಬುದನ್ನು ಅಳೆಯಲು 2023ರಲ್ಲಿ ಒಂದು ಅಂಕಪಟ್ಟಿ ಪ್ರಕಟವಾಯಿತು. ಅದು ನೋಡುವುದು ಇವಿಷ್ಟನ್ನು: ಯಾವ ಜೀನು, ಎಷ್ಟು ಉತ್ಪರಿವರ್ತನೆಗಳು, ಪ್ರಮಾಣ ಶೇ. 20 ಮುಟ್ಟಿದೆಯೇ, ವಯಸ್ಸು 65 ಆಗಿದೆಯೇ, ರಕ್ತಕಣಗಳ ಎಣಿಕೆ ಕುಸಿದಿದೆಯೇ, ಜೊತೆಗೆ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿಯ ಎಂಸಿವಿ (ಕೆಂಪುಕಣಗಳ ಸರಾಸರಿ ಗಾತ್ರ) 100ಕ್ಕಿಂತ ಹೆಚ್ಚಿದೆಯೇ, ಆರ್‌ಡಿಡಬ್ಲ್ಯೂ (ಕೆಂಪುಕಣಗಳ ಗಾತ್ರದಲ್ಲಿನ ಏರುಪೇರು) 15 ಅಥವಾ ಅದಕ್ಕಿಂತ ಮೇಲಿದೆಯೇ. ಕಡಿಮೆ ಅಂಕದವರಲ್ಲಿ ಹತ್ತು ವರ್ಷದಲ್ಲಿ ಮಜ್ಜೆಯ ಕ್ಯಾನ್ಸರ್ ಬಂದದ್ದು ಶೇ. 1ಕ್ಕಿಂತ ಕಡಿಮೆ ಜನರಿಗೆ. ಅತಿ ಹೆಚ್ಚು ಅಂಕದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ. ಒಂದೇ ಹೆಸರಿನ ಸ್ಥಿತಿಯೊಳಗೆ ಇಷ್ಟು ಅಗಲದ ವ್ಯತ್ಯಾಸವಿದೆ. ಡಿಎನ್‌ಎಂಟಿ3ಎ ಒಂದೇ ಒಂದು ಉತ್ಪರಿವರ್ತನೆ ಇರುವುದು ಈ ಪಟ್ಟಿಯಲ್ಲಿ ಸೌಮ್ಯವಾದದ್ದು. ಟಿಪಿ53, ಎಸ್‌ಆರ್‌ಎಸ್‌ಎಫ್2, ಯು2ಎಎಫ್1 ಜೀನುಗಳಲ್ಲಿ ಉತ್ಪರಿವರ್ತನೆ ಕಂಡರೆ ನಾವು ಬೇರೆ ರೀತಿಯಲ್ಲಿ ಮಾತನಾಡುತ್ತೇವೆ.

ಈ ಅಂಕಪಟ್ಟಿಯ ಅರ್ಧ ಭಾಗ ಇರುವುದು ನಮ್ಮ ಬೀದಿಯ ಯಾವ ಲ್ಯಾಬಿನಲ್ಲೂ ಆಗುವ ಸಿಬಿಸಿಯಲ್ಲಿ. ಆದರೆ ಬೆಂಗಳೂರಿನಲ್ಲಿ ಇದನ್ನು ಓದುವಾಗ ಒಂದು ಎಚ್ಚರ ಬೇಕು. ಸಸ್ಯಾಹಾರಿಗಳು ಹೆಚ್ಚಿರುವ ನಮ್ಮಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ, ಅದರಿಂದಲೂ ಎಂಸಿವಿ ಏರುತ್ತದೆ. ಕಬ್ಬಿಣದ ಕೊರತೆಯಿಂದ ಆರ್‌ಡಿಡಬ್ಲ್ಯೂ ಏರುತ್ತದೆ. ಥೈರಾಯ್ಡ್ ಕುಗ್ಗಿದರೂ, ಮದ್ಯಪಾನ ಹೆಚ್ಚಾದರೂ ಎಂಸಿವಿ ಬದಲಾಗುತ್ತದೆ. ಇವನ್ನೆಲ್ಲ ಮೊದಲು ನೋಡಿ ಸರಿಪಡಿಸದೆ ಜೀನಿನ ಮೇಲೆ ಹೊಣೆ ಹೊರಿಸುವುದು ತಪ್ಪು ದಾರಿ.

ವಿಜಯನಗರದ ಓದುಗಿ

ಇಲ್ಲಿ ಎಲ್ಲರೂ ರಕ್ತದ ಕ್ಯಾನ್ಸರಿನ ಬಗ್ಗೆಯೇ ಬರೆಯುತ್ತಿದ್ದೀರಿ. ಇದಕ್ಕೂ ಹೃದಯಾಘಾತಕ್ಕೂ ಸಂಬಂಧವಿದೆ ಎಂದು ಪತ್ರಿಕೆಯಲ್ಲಿ ಓದಿದ ನೆನಪು. ನಮ್ಮ ನಗರದಲ್ಲಿ ಮೂವತ್ತು, ನಲವತ್ತರ ಹುಡುಗರು ಹೃದಯಾಘಾತದಿಂದ ಹೋಗುತ್ತಿರುವುದಕ್ಕೆ ಇದೇ ಕಾರಣವಿರಬಹುದೇ?

ಯಲಹಂಕದ ಸಂಶೋಧನಾ ವಿದ್ಯಾರ್ಥಿ

ಸಂಬಂಧವಿದೆ ಮೇಡಂ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದಲ್ಲಿ ಅತ್ಯಂತ ಅನಿರೀಕ್ಷಿತವಾದ ಭಾಗ ಇದೇ. 2014ರ ಅಧ್ಯಯನದಲ್ಲಿ ಇಂಥವರಲ್ಲಿ ಒಟ್ಟು ಸಾವುಗಳು ಹೆಚ್ಚಿದ್ದವು, ಆದರೆ ರಕ್ತದ ಕ್ಯಾನ್ಸರ್ ಅವೆಲ್ಲವನ್ನೂ ವಿವರಿಸುವಷ್ಟು ಇರಲಿಲ್ಲ. ಹೆಚ್ಚಿನವು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಕಡೆಯಿಂದ ಬಂದಿದ್ದವು. 2017ರಲ್ಲಿ ಎರಡು ಪ್ರಯೋಗಾಲಯಗಳು ಕಾರಣವನ್ನು ಹುಡುಕಿದವು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿದಾಗ ಅದನ್ನು ತಿನ್ನಲು ಹೋಗುವ ಮ್ಯಾಕ್ರೊಫೇಜ್ ಕೋಶಗಳು ಹುಟ್ಟುವುದೂ ಇದೇ ಮಜ್ಜೆಯಿಂದ. ಟೆಟ್2 ಇಲ್ಲದ ಮ್ಯಾಕ್ರೊಫೇಜುಗಳು ಅಗತ್ಯಕ್ಕಿಂತ ಹೆಚ್ಚು ಉರಿಯೂತದ ಅಣುಗಳನ್ನು, ಮುಖ್ಯವಾಗಿ ಇಂಟರ್‌ಲ್ಯೂಕಿನ್-1 ಬೀಟಾವನ್ನು, ಸುರಿಸುತ್ತವೆ. ಇಲಿಗಳ ಮಜ್ಜೆಯ ಒಂದು ಪಾಲನ್ನು ಮಾತ್ರ ಇಂಥ ಕೋಶಗಳಿಂದ ತುಂಬಿದರೂ ಅವುಗಳ ರಕ್ತನಾಳದ ಕೊಬ್ಬಿನ ಗಂಟುಗಳು ಹೆಚ್ಚು ದೊಡ್ಡದಾಗಿ ಬೆಳೆದವು. ಆ ಉರಿಯೂತದ ದಾರಿಯನ್ನು ಔಷಧದಿಂದ ಮುಚ್ಚಿದಾಗ ಆ ವ್ಯತ್ಯಾಸ ಹೋಯಿತು.

ಅದೇ ವರ್ಷ ಕ್ಯಾಂಟೋಸ್ ಎಂಬ ಪ್ರಯೋಗದ ಫಲಿತಾಂಶ ಬಂತು. ಒಮ್ಮೆ ಹೃದಯಾಘಾತವಾದ 10,061 ಜನರಲ್ಲಿ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕ್ಯಾನಕಿನುಮ್ಯಾಬ್ ಕೊಟ್ಟಾಗ ಮುಂದಿನ ಆಘಾತಗಳು ಸುಮಾರು ಶೇ. 15 ಇಳಿದವು. ಆಮೇಲೆ ಅವರ ರಕ್ತವನ್ನು ಪರಿಶೀಲಿಸಿದಾಗ ಟೆಟ್2 ಉತ್ಪರಿವರ್ತನೆ ಇದ್ದವರಲ್ಲಿ ಆ ಇಳಿಕೆ ಶೇ. 60ರ ಆಸುಪಾಸಿನಲ್ಲಿತ್ತು. ಅಂಥವರ ಸಂಖ್ಯೆ ಕಡಿಮೆಯಿದ್ದುದರಿಂದಲೂ, ಪ್ರಯೋಗ ಮುಗಿದ ಮೇಲೆ ಮಾಡಿದ ಲೆಕ್ಕವಾದ್ದರಿಂದಲೂ ಇದನ್ನು ಸುಳಿವೆಂದು ಮಾತ್ರ ತೆಗೆದುಕೊಳ್ಳಬೇಕು. ಆ ಔಷಧದಿಂದ ಮಾರಕ ಸೋಂಕುಗಳು ಸ್ವಲ್ಪ ಹೆಚ್ಚಾದವು, ಹೃದಯಕ್ಕಾಗಿ ಅದಕ್ಕೆ ಅನುಮೋದನೆ ಸಿಗಲಿಲ್ಲ. ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು: ನಂತರ ಬಂದ ದೊಡ್ಡ ಬಯೋಬ್ಯಾಂಕ್ (ಬಹು ಜನರ ರಕ್ತದ ಮಾದರಿ ಮತ್ತು ಆರೋಗ್ಯ ದಾಖಲೆಗಳ ಸಂಗ್ರಹ) ವಿಶ್ಲೇಷಣೆಗಳಲ್ಲಿ ಹೃದಯದೊಂದಿಗಿನ ಈ ಸಂಬಂಧ ಮೊದಲು ಕಂಡಷ್ಟು ಬಲವಾಗಿ ಕಾಣಲಿಲ್ಲ, ಜೀನಿನಿಂದ ಜೀನಿಗೆ, ಗುಂಪಿನ ಗಾತ್ರದಿಂದ ಗಾತ್ರಕ್ಕೆ ಅದು ಬದಲಾಗುತ್ತದೆ. ಜ್ಯಾಕ್2 ಜೀನಿನ ಉತ್ಪರಿವರ್ತನೆ ಇರುವಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ಪಷ್ಟವಾಗಿದೆ, ಡಿಎನ್‌ಎಂಟಿ3ಎ ವಿಷಯದಲ್ಲಿ ಅಷ್ಟು ಸ್ಪಷ್ಟವಿಲ್ಲ.

ಯುವಕರ ಹೃದಯಾಘಾತದ ವಿಷಯಕ್ಕೆ ಬಂದರೆ, ನಲವತ್ತರ ಒಳಗೆ ಈ ಉತ್ಪರಿವರ್ತನೆಗಳೇ ಅಪರೂಪವಾದ್ದರಿಂದ ಅದನ್ನು ಇದರಿಂದ ವಿವರಿಸಲಾಗದು. ಧೂಮಪಾನ, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ಮನೆತನದ ಇತಿಹಾಸ, ಇವುಗಳ ಕಡೆಗೆ ನೋಡುವುದೇ ಸರಿ. ಜಯದೇವ ಸಂಸ್ಥೆಯಲ್ಲಿ ಚಿಕ್ಕ ವಯಸ್ಸಿನ ಹೃದ್ರೋಗಿಗಳ ದಾಖಲೆಯನ್ನು ಪ್ರತ್ಯೇಕವಾಗಿ ಇಟ್ಟು ಅಧ್ಯಯನ ಮಾಡುತ್ತಿರುವುದು ಈ ಪ್ರಶ್ನೆ ಎಷ್ಟು ದೊಡ್ಡದೆಂಬುದರ ಗುರುತು.

ಮಲ್ಲೇಶ್ವರದ ನಿವೃತ್ತ ಉಪನ್ಯಾಸಕ

ಧೂಮಪಾನದ ಮಾತು ಬಂದದ್ದರಿಂದ ಹೇಳುತ್ತೇನೆ. ಬೀಡಿ, ಸಿಗರೇಟು ಸೇದುವವರ ರಕ್ತದಲ್ಲಿ ಎಎಸ್‌ಎಕ್ಸ್‌ಎಲ್1 ಎಂಬ ಜೀನಿನ ಉತ್ಪರಿವರ್ತನೆ ಹೆಚ್ಚಾಗಿ ಕಾಣುತ್ತದೆ. ಕೀಮೋಥೆರಪಿ ಅಥವಾ ವಿಕಿರಣ ಪಡೆದವರಲ್ಲಿ ಪಿಪಿಎಂ1ಡಿ ಮತ್ತು ಟಿಪಿ53 ಹೆಚ್ಚುತ್ತವೆ, ಏಕೆಂದರೆ ಡಿಎನ್‌ಎಗೆ ಪೆಟ್ಟು ಬಿದ್ದಾಗ ಸಾಮಾನ್ಯ ಕೋಶ ಸಾಯುತ್ತದೆ, ಇವು ಸಾಯದೆ ಉಳಿದು ಖಾಲಿಯಾದ ಜಾಗವನ್ನು ತುಂಬುತ್ತವೆ. ಚಿಕಿತ್ಸೆ ಹೊಸ ಉತ್ಪರಿವರ್ತನೆಯನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಮೊದಲೇ ಇದ್ದದ್ದನ್ನು ಬೆಳೆಸುತ್ತದೆ ಎಂಬುದು ನನಗೆ ಹೊಸ ತಿಳಿವಳಿಕೆಯಾಗಿತ್ತು.

ಎಲ್ಲ ಸುದ್ದಿಯೂ ಕೆಟ್ಟದ್ದಲ್ಲ ಎಂಬುದಕ್ಕೂ ಒಂದು ಉದಾಹರಣೆಯಿದೆ. 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಈ ಗುಂಪುಗಳಿರುವ ಹಿರಿಯರಿಗೆ ಆಲ್‌ಝೈಮರ್ಸ್ ಕಾಯಿಲೆಯ ಸಾಧ್ಯತೆ ಕಡಿಮೆಯಾಗಿ ಕಂಡಿತು. ಬದಲಾದ ರಕ್ತಕೋಶಗಳ ಸಂತಾನ ಮಿದುಳಿಗೂ ತಲುಪಿ ಅಲ್ಲಿ ಕಸ ತೆಗೆಯುವ ಮೈಕ್ರೊಗ್ಲಿಯಾ ಕೋಶಗಳಂತೆ ನೆಲೆಸಿರುವುದನ್ನೂ ಅವರು ಗುರುತಿಸಿದರು. ರಕ್ತನಾಳದಲ್ಲಿ ಉಪದ್ರವ ಕೊಡುವ ಕೋಶವೇ ಮಿದುಳಿನಲ್ಲಿ ಕಸ ಎತ್ತುತ್ತಿರಬಹುದೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡುತ್ತಿದೆ.

ಯಲಹಂಕದ ಸಂಶೋಧನಾ ವಿದ್ಯಾರ್ಥಿ

ಮೇಷ್ಟ್ರೇ, ಈ ಪ್ರಶ್ನೆಯನ್ನು ನಮ್ಮ ಜನರಲ್ಲೇ ಕೇಳಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಇಲ್ಲ ಎಂದು ನನಗನ್ನಿಸುತ್ತದೆ. ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. 10,000 ಭಾರತೀಯರ ಪೂರ್ಣ ಜೀನೋಮ್ ಓದಿದ ಜೀನೋಮ್ ಇಂಡಿಯಾ ಯೋಜನೆಯನ್ನು ಮುನ್ನಡೆಸಿದ್ದೂ ಅದೇ ಕೇಂದ್ರ. ಆದರೆ ಒಂದು ತಾಂತ್ರಿಕ ಮಿತಿಯಿದೆ. ಪೂರ್ಣ ಜೀನೋಮ್ ಓದುವಾಗ ಸಾಮಾನ್ಯವಾಗಿ ಪ್ರತಿ ಸ್ಥಾನವನ್ನು 30 ಸಲದಷ್ಟು ಓದುತ್ತಾರೆ. ಆ ಆಳದಲ್ಲಿ ಶೇ. 2ರ ಚಿಕ್ಕ ಗುಂಪು ಕೈಗೆ ಸಿಗದು, ದೊಡ್ಡವು ಮಾತ್ರ ಕಾಣುತ್ತವೆ. ಚಿಕ್ಕವನ್ನು ಹಿಡಿಯಲು ಆಯ್ದ ಕೆಲವೇ ಜೀನುಗಳನ್ನು ಸಾವಿರಾರು ಸಲ ಓದಬೇಕು. ಹಿಂಬಾಲಿಸುವ ಅಧ್ಯಯನವಾದರೆ ವರ್ಷಗಳ ಅಂತರದ ಮಾದರಿಗಳಿಂದ ಬೆಳವಣಿಗೆಯ ವೇಗವನ್ನೂ ಅಳೆಯಬಹುದು. 55 ದಾಟಿದ 385 ಜನರನ್ನು ಸರಾಸರಿ 13 ವರ್ಷ ಹಿಂಬಾಲಿಸಿದ ಹೊರದೇಶದ ಅಧ್ಯಯನವೊಂದು ಡಿಎನ್‌ಎಂಟಿ3ಎ ಗುಂಪುಗಳು ವರ್ಷಕ್ಕೆ ಸುಮಾರು ಶೇ. 5ರಷ್ಟು ನಿಧಾನವಾಗಿಯೂ, ಎಸ್‌ಆರ್‌ಎಸ್‌ಎಫ್2ರ ಒಂದು ಬಗೆ ಶೇ. 50ಕ್ಕೂ ಮಿಗಿಲಾದ ವೇಗದಲ್ಲಿಯೂ ಬೆಳೆಯುವುದನ್ನು ಕಂಡಿತು. ಬಸವನಗುಡಿಯ ಮೇಡಂ ಅವರ ತಂದೆಯವರದ್ದು ಮೊದಲನೆಯ ಬಗೆ.

ವಿಜಯನಗರದ ಓದುಗಿ

ಇನ್ನೊಂದು ಸಂದೇಹ. ನಮ್ಮ ಯಜಮಾನರ ಅಣ್ಣನಿಗೆ ಮಜ್ಜೆ ಕಸಿ ಆಗಬೇಕಿದೆ. ದಾನಿಯಾಗಲು ಹೊಂದುವವರು 63 ವರ್ಷದ ಅಕ್ಕ. ಅವರ ರಕ್ತದಲ್ಲಿ ಇಂಥದ್ದು ಇದ್ದರೆ ಕೊಡಬಾರದೇ?

ರಕ್ತರೋಗ ವಿಭಾಗದ ವೈದ್ಯೆ

ದಾನಿಯಲ್ಲಿರುವ ಗುಂಪು ಕಸಿಯ ಮೂಲಕ ರೋಗಿಗೆ ದಾಟುತ್ತದೆ ಎಂಬುದು ನಿಜ, ಬಹಳ ಅಪರೂಪಕ್ಕೆ ದಾನಿಯ ಕೋಶದಿಂದಲೇ ಹೊಸ ಲ್ಯುಕೇಮಿಯಾ ಹುಟ್ಟಿದ ಪ್ರಕರಣಗಳೂ ದಾಖಲಾಗಿವೆ. ಆದರೂ ಚಿಕ್ಕ ಡಿಎನ್‌ಎಂಟಿ3ಎ ಗುಂಪೊಂದಿದೆ ಎಂಬ ಕಾರಣಕ್ಕೆ ಹೊಂದುವ ಅಕ್ಕನನ್ನು ಬಿಟ್ಟು ಕಸಿಯನ್ನು ಮುಂದೂಡುವುದು ರೋಗಿಗೆ ಹೆಚ್ಚು ಅಪಾಯಕರವಾಗಬಹುದು. ಸಮಾನವಾಗಿ ಹೊಂದುವ ಕಿರಿಯ ದಾನಿ ಮನೆಯಲ್ಲೋ ದಾನಿಗಳ ನೋಂದಣಿ ಪಟ್ಟಿಯಲ್ಲೋ ಸಿಕ್ಕರೆ ಹೆಚ್ಚಿನ ಕೇಂದ್ರಗಳು ಕಿರಿಯರನ್ನೇ ಆರಿಸುತ್ತವೆ. ಇದನ್ನು ನಿಮ್ಮ ಕಸಿ ತಂಡದೊಂದಿಗೆ ಚರ್ಚಿಸಿಯೇ ನಿರ್ಧರಿಸಿ.

ಬಸವನಗುಡಿಯ ಮಗಳು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ವೈದ್ಯರನ್ನು ಕಂಡು ಬಂದೆವು. ಬಿಳಿಕಣಗಳನ್ನು ಜೊತೆಗೆ ಓದಿರಲಿಲ್ಲ. ಈಗ ಅದಕ್ಕೆಂದೇ ಮಾದರಿ ಕೊಟ್ಟಿದ್ದೇವೆ, ಗೆಡ್ಡೆಯ ಹಳೆಯ ಬಯಾಪ್ಸಿಯ ತುಣುಕನ್ನೂ ಪರೀಕ್ಷೆಗೆ ಕಳಿಸಿದ್ದಾರೆ. ಸಿಬಿಸಿಯಲ್ಲಿ ಹಿಮೋಗ್ಲೋಬಿನ್, ಬಿಳಿಕಣ, ಪ್ಲೇಟ್‌ಲೆಟ್ ಸರಿಯಾಗಿವೆ. ಎಂಸಿವಿ 101 ಬಂದದ್ದರಿಂದ ಬಿ12 ನೋಡಿಸಿದರು, ಅದು ತೀರ ಕಡಿಮೆಯಿತ್ತು. ಚುಚ್ಚುಮದ್ದು ಶುರುವಾಗಿದೆ. ತಂದೆಯವರು ಸಿಗರೇಟು ಬಿಟ್ಟು ವರ್ಷಗಳಾದವು, ಆದರೆ ಅವರ ಕೊಲೆಸ್ಟರಾಲ್ ಮಾತ್ರೆ ನಡುವೆ ನಿಂತುಹೋಗಿತ್ತು, ಅದನ್ನು ಮತ್ತೆ ಬರೆದುಕೊಟ್ಟಿದ್ದಾರೆ. ಮುಂದೆ ಕೀಮೋಥೆರಪಿಯ ಮಾತು ಬಂದರೆ ಈ ವರದಿಯನ್ನು ಆಗ ನೋಡಬೇಕಾದವರಿಗೆ ತೋರಿಸಲೇಬೇಕೇ ಎಂಬುದೊಂದು ಪ್ರಶ್ನೆ ಉಳಿದಿದೆ.

ರಕ್ತರೋಗ ವಿಭಾಗದ ವೈದ್ಯೆ

ತೋರಿಸಲೇಬೇಕು. ಕೀಮೋಥೆರಪಿ, ವಿಕಿರಣ ಅಥವಾ ಪಾರ್ಪ್ ತಡೆಯುವ ಔಷಧ, ಯಾವುದನ್ನು ಆರಂಭಿಸುವ ಮುನ್ನವೂ ವರದಿಯ ಪ್ರತಿ ಕಡತದ ಮೇಲ್ಭಾಗದಲ್ಲೇ ಇರಲಿ, ಚಿಕಿತ್ಸೆಯ ನಡುವೆ ರಕ್ತಕಣಗಳು ಏರಲು ತಡವಾದರೆ ಕಾರಣ ಹುಡುಕುವವರಿಗೆ ಅದು ಬೇಕಾಗುತ್ತದೆ. ಬಿ12 ಸರಿಹೋದ ಮೇಲೆ, ಸುಮಾರು ಮೂರು ತಿಂಗಳಿಗೆ, ಸಿಬಿಸಿಯನ್ನು ಮತ್ತೆ ಮಾಡಿಸಿ ಎಂಸಿವಿ 100ರ ಕೆಳಗೆ ಇಳಿದಿದೆಯೇ ನೋಡಿ. ಇಳಿದಿದ್ದರೆ ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಸಿಬಿಸಿ ಸಾಕು. ಇಳಿಯದಿದ್ದರೆ ಅಥವಾ ಯಾವುದೇ ಎಣಿಕೆ ಕುಸಿಯತೊಡಗಿದರೆ ರಕ್ತರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋಗಿ.